ಮೈನರ್ ಆರಿಸುವ ಮುಂಚೆ ಲ್ಯಾಬಿನ ಬಾಗಿಲು ತೆಗೆಸಿ ನೋಡಿ

ಮೂರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕಾಲೇಜಿನ ವಾಟ್ಸಾಪ್ ಗುಂಪುಗಳಲ್ಲಿ ಮೈನರ್ ಡಿಗ್ರಿಯ, ಅಂದರೆ ಮೇಜರ್ (ಮುಖ್ಯ ಬ್ರ್ಯಾಂಚ್) ಜೊತೆ ಓದುವ ಎರಡನೇ ವಿಷಯದ, ಫಾರ್ಮ್ ಓಡಾಡಲು ಶುರುವಾಗುತ್ತದೆ. ಅದರ ಬೆನ್ನಿಗೇ ನನಗೆ ಜೂನಿಯರ್‌ಗಳ ಮೆಸೇಜು. "ಅಕ್ಕಾ, ಯಾವುದು ತಗೊಳ್ಳಲಿ?" "ಅಕ್ಕಾ, ನೀವು ಸಿಎಸ್ ಅಲ್ವಾ, ಮತ್ತೆ ಮಷೀನಿನ ಮೈನರ್ ಯಾಕೆ ತಗೊಂಡ್ರಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದರ ಲಿಂಕ್ ಕಳಿಸುತ್ತೇನೆ.

ಮೊದಲು ಲೆಕ್ಕ. ಬಿಇ ಡಿಗ್ರಿಗೆ ಈಗ ಸಾಮಾನ್ಯವಾಗಿ 160 ಕ್ರೆಡಿಟ್ ಬೇಕು. ಮೈನರ್ ಬೇಕಾದರೆ ಅದರ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್, ತಾಂತ್ರಿಕ ಶಿಕ್ಷಣಕ್ಕೆ ನಿಯಮ ಮಾಡುವ ಎಐಸಿಟಿಇ ಹೇಳಿರುವುದು ಇಷ್ಟೇ. ಅಂದರೆ ಹೆಚ್ಚುಕಡಿಮೆ ಆರು ಸಬ್ಜೆಕ್ಟ್ ಜಾಸ್ತಿ. ಯಾವುದನ್ನೋ ಬಿಟ್ಟು ಇದನ್ನು ತಗೊಳ್ಳುವುದಲ್ಲ, ಇರುವುದರ ಮೇಲೆ ಹೇರಿಕೊಳ್ಳುವುದು. ಬಿಎಸ್ಸಿ, ಬಿಕಾಂ ಓದುವವರ ಕಥೆ ಬೇರೆ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಡಿಗ್ರಿಯ 120 ಕ್ರೆಡಿಟ್‌ನಲ್ಲಿ 24 ಮೈನರ್‌ಗೇ ಹೋಗುತ್ತದೆ, ಅದು ಒಳಗಡೆಯ ಲೆಕ್ಕ. ನಾನಿಲ್ಲಿ ಹೇಳುತ್ತಿರುವುದು ಎಂಜಿನಿಯರಿಂಗ್‌ನವರಿಗೆ.

ಈಗ ಆ ಫಾರ್ಮಿನ ಪಟ್ಟಿ ನೋಡಿ. ಎಐ ಅಂಡ್ ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ, ಬ್ಲಾಕ್‌ಚೈನ್, ರೊಬೊಟಿಕ್ಸ್. ಅವುಗಳ ಕೆಳಗೆ, ಯಾರ ಕಣ್ಣೂ ಹೋಗದ ಜಾಗದಲ್ಲಿ, ಮೆಕಾನಿಕಲ್‌ನವರೋ ಎಲೆಕ್ಟ್ರಿಕಲ್‌ನವರೋ ನಡೆಸುವ ಒಂದು ಇರುತ್ತದೆ. ಒಂದು ಕಡೆ ಅದಕ್ಕೆ ಅಪ್ಲೈಡ್ ಎಂಜಿನಿಯರಿಂಗ್ ಅಂಡ್ ಟೆಕ್ನಾಲಜಿ ಅಂತ ಹೆಸರು, ಇನ್ನೊಂದು ಕಡೆ ಇಂಡಸ್ಟ್ರಿಯಲ್ ಆಟೋಮೇಷನ್, ಮತ್ತೊಂದು ಕಡೆ ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್. ಹೆಸರು ಏನೇ ಇರಲಿ, ಒಳಗಿರುವುದು ಬಹುತೇಕ ಒಂದೇ. ಸೆನ್ಸರ್, ಮೋಟರ್, ಪಿಎಲ್‌ಸಿ (ಮಷೀನ್ ನಡೆಸುವ ಕಾರ್ಖಾನೆಯ ಕಂಪ್ಯೂಟರ್), ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ಮಷೀನ್), ಅಳತೆ, ಕ್ವಾಲಿಟಿ. ನಾನು ತಗೊಂಡಿದ್ದು ಅದನ್ನೇ.

ನಮ್ಮ ಕ್ಲಾಸಿನಲ್ಲಿ ಮುಕ್ಕಾಲು ಜನ ಎಐಗೆ ಹೋದರು. ಸಿಎಸ್ ಓದುವವರು ಎಐ ಮೈನರ್ ತಗೊಳ್ಳುವುದು ನನಗೆ ಅವತ್ತೂ ಅರ್ಥ ಆಗಿರಲಿಲ್ಲ, ಇವತ್ತೂ ಇಲ್ಲ. ಮೆಷಿನ್ ಲರ್ನಿಂಗ್ ಹೇಗೂ ಮೇಜರ್‌ನಲ್ಲೇ ಬರುತ್ತೆ, ಎಲೆಕ್ಟಿವ್‌ನಲ್ಲಿ ಇನ್ನೊಂದು ಸಲ ಬರುತ್ತೆ, ಮೈನರ್‌ನಲ್ಲಿ ಮೂರನೇ ಸಲ ಅದೇ ಲೀನಿಯರ್ ರಿಗ್ರೆಷನ್, ಹೊಸಬರಿಗೆಲ್ಲ ಕೊಡುವ ಅದೇ ಐರಿಸ್ ಹೂವಿನ ಡೇಟಾಸೆಟ್ಟು. ಸುಲಭ ಅಂತ ತಗೊಳ್ಳುತ್ತಾರೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನನಗೆ ಬೇರೆ ಕಾರಣ ಇತ್ತು. ನಮ್ಮ ಕಾಕಾಂದು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಫೌಂಡ್ರಿ. ರಜೆಗೆ ಹೋದಾಗಲೆಲ್ಲ ಅಲ್ಲಿ ಕೂತು ಮರಳಿನ ಅಚ್ಚು, ಕರಗಿದ ಕಬ್ಬಿಣ ನೋಡಿಕೊಂಡೇ ಬೆಳೆದವಳು ನಾನು. ಸಿಎಸ್ ಸೀಟು ಸಿಕ್ಕಾಗ ಎಲ್ಲರೂ ಪೇಢೆ ಹಂಚುತ್ತಿದ್ದರೆ ಕಾಕಾ ಮಾತ್ರ ಒಂದು ಮಾತು ಹೇಳಿದ್ದರು. "ಛಲೋ ಆತವಾ. ಆದ್ರ ನಮ್ಮ ಕಡೆ ಕಂಪ್ಯೂಟರ್ ಹುಡುಗೂರು ಬರ್ತಾರ, ಕರೆಂಟಿನ ಪ್ಯಾನೆಲ್ ಬಾಗಲಾ ತೆಗದ್ರ ಹಿಂದಕ ಸರೀತಾರ. ನೀ ಹಂಗ ಆಗಬ್ಯಾಡ." ಫಾರ್ಮ್ ಬಂದಾಗ ಈ ಮಾತು ತಲೆಯಲ್ಲಿತ್ತು.

ಆದರೆ ಫಾರ್ಮ್ ತುಂಬುವ ಮುಂಚೆ ಸಿಲಬಸ್ ತರಿಸಿಕೊಂಡು ಒಂದೇ ಒಂದು ಕಾಲಂ ನೋಡಿದೆ. ನೀವೂ ಅದನ್ನೇ ನೋಡಬೇಕು. ಪ್ರತಿ ಸಬ್ಜೆಕ್ಟಿನ ಮುಂದೆ ಎಲ್-ಟಿ-ಪಿ ಅಂತ ಮೂರು ಅಂಕಿ ಇರುತ್ತವೆ. ಲೆಕ್ಚರ್, ಟ್ಯುಟೋರಿಯಲ್, ಪ್ರಾಕ್ಟಿಕಲ್. ವಾರಕ್ಕೆ ಒಂದು ಗಂಟೆ ಲೆಕ್ಚರ್ ಕೇಳಿದರೆ ಒಂದು ಕ್ರೆಡಿಟ್. ಅದೇ ಒಂದು ಕ್ರೆಡಿಟ್‌ಗೆ ಲ್ಯಾಬಿನಲ್ಲಾದರೆ ಎರಡು ಗಂಟೆ ನಿಲ್ಲಬೇಕು. ಹಾಗಾಗಿ ಆರೂ ಸಬ್ಜೆಕ್ಟ್ 3-0-0 ಇದ್ದರೆ ಅದು ಬರೀ ಬೋರ್ಡು, ಪಿಪಿಟಿ. ಆಟೋಮೇಷನ್ ಅಂತ ಹೆಸರಿಟ್ಟು ಒಂದು ಸ್ವಿಚ್ಚನ್ನೂ ಮುಟ್ಟಿಸದೆ ಡಿಗ್ರಿ ಕೊಟ್ಟುಬಿಡುತ್ತಾರೆ. 2-0-2 ಇರುವ ಸಬ್ಜೆಕ್ಟ್ ಅರ್ಧವಾದರೂ ಇದ್ದರೆ ಮುಂದಿನ ಪ್ರಶ್ನೆ ಕೇಳಿ: ಆ ಲ್ಯಾಬ್ ಎಲ್ಲಿದೆ? ಹೋಗಿ ಬಾಗಿಲು ತೆಗೆಸಿ. ಮಷೀನಿನ ಮೇಲೆ ಧೂಳಿದೆಯಾ ಎಣ್ಣೆ ಇದೆಯಾ ನೋಡಿ. ಧೂಳಿದ್ದರೆ ವಾಪಸ್ ಬನ್ನಿ. ಪಿಎಲ್‌ಸಿ ಕಿಟ್ ಎಷ್ಟಿವೆ ಅಂತ ಲ್ಯಾಬ್ ಅಸಿಸ್ಟೆಂಟನ್ನು ಕೇಳಿ, ಎಚ್‌ಒಡಿಯನ್ನಲ್ಲ. ಒಂದು ಕಿಟ್‌ಗೆ ಹತ್ತು ಜನ ಅಂದರೆ ಒಬ್ಬರು ಮಾಡುತ್ತಾರೆ, ಒಂಬತ್ತು ಜನ ರೆಕಾರ್ಡ್ ಬರೆಯುತ್ತಾರೆ. ನಮ್ಮ ಪುಣ್ಯ, ಈ ಮೈನರ್‌ಗೆ ಜನವೇ ಬರದ ಕಾರಣ ಒಂದು ಕಿಟ್‌ಗೆ ಇಬ್ಬರೇ ಇದ್ದೆವು. ಬೇಡಿಕೆ ಇಲ್ಲದ ಮೈನರ್‌ನ ದೊಡ್ಡ ಲಾಭ ಇದು, ಯಾರೂ ಹೇಳುವುದಿಲ್ಲ.

ಅಲ್ಲಿ ಏನು ಕಲಿಯುತ್ತೀರಿ ಅಂತ ಕೇಳುವವರಿಗೆ ನಾನು ಯಾವಾಗಲೂ ಹೇಳುವುದು ಸ್ಟಾಪ್ ಬಟನ್ ವಿಷಯ.

ಲ್ಯಾಬಿನಲ್ಲಿ ಒಂದು ಪುಟ್ಟ ಕನ್ವೇಯರ್ ಇತ್ತು. ಹಸಿರು ಬಟನ್ ಒತ್ತಿದರೆ ಓಡಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ಇದೇನು ಮಹಾ, ಅಲ್ವಾ? ಸಿಎಸ್ ತಲೆಗೆ ಬಟನ್ ಒತ್ತಿದರೆ 1, ಒತ್ತದಿದ್ದರೆ 0. ಹಸಿರಿನದು ಹಾಗೇ ಇದೆ. ಕೆಂಪಿನದು ಪೂರ್ತಿ ಉಲ್ಟಾ. ಸುಮ್ಮನಿದ್ದಾಗ ಪಿಎಲ್‌ಸಿಗೆ 24 ವೋಲ್ಟ್ ಹೋಗುತ್ತಲೇ ಇರುತ್ತೆ, ಅಂದರೆ ಯಾವಾಗಲೂ 1. ಒತ್ತಿದಾಗ ಕರೆಂಟ್ ಕಟ್ ಆಗಿ 0. ಇದಕ್ಕೆ ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟ್ ಅನ್ನುತ್ತಾರೆ. ಯಾಕಪ್ಪಾ ಹೀಗೆ ಅಂದರೆ, ವೈರ್ ತುಂಡಾಯಿತು ಅಂದುಕೊಳ್ಳಿ. ಇಲಿ ಕಡಿಯಿತು, ಸ್ಕ್ರೂ ಸಡಿಲ ಆಯಿತು, ಏನೋ ಒಂದು. ನಮ್ಮ ಲೆಕ್ಕದ ಹಾಗೆ ಜೋಡಿಸಿದ್ದರೆ ಮಷೀನ್ ಆರಾಮಾಗಿ ಓಡುತ್ತಿರುತ್ತೆ, ಯಾರದೋ ಕೈ ಸಿಕ್ಕಿಹಾಕಿಕೊಂಡಾಗ ಕೆಂಪು ಬಟನ್ ಗುದ್ದಿದರೂ ನಿಲ್ಲುವುದಿಲ್ಲ, ಯಾಕೆಂದರೆ ಬಟನ್‌ನಿಂದ ಸುದ್ದಿ ಬರುವ ದಾರಿಯೇ ಹೋಗಿದೆ. ಉಲ್ಟಾ ಜೋಡಿಸಿದ್ದರೆ ವೈರ್ ತುಂಡಾದ ಕ್ಷಣವೇ 0 ಬಂದು ಮಷೀನ್ ತಾನಾಗಿ ನಿಲ್ಲುತ್ತೆ. ಪ್ರೊಡಕ್ಷನ್ ಹಾಳಾಗಬಹುದು, ಕೈ ಉಳಿಯುತ್ತೆ.

ಇದೇ ಬುದ್ಧಿ ಸೆನ್ಸರ್‌ಗಳಲ್ಲೂ ಇದೆ. ಕಾರ್ಖಾನೆಯ ಪ್ರೆಷರ್, ಲೆವೆಲ್, ಟೆಂಪರೇಚರ್ ಟ್ರಾನ್ಸ್‌ಮಿಟರ್‌ಗಳು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪ್ ಕಳಿಸುತ್ತವೆ. 0ಯಿಂದ ಯಾಕೆ ಶುರು ಮಾಡಲಿಲ್ಲ? ಪ್ರೆಷರ್ ಸೊನ್ನೆ ಇದ್ದರೆ 4 ಮಿಲಿಆಂಪ್ ಬರುತ್ತೆ. 0 ಮಿಲಿಆಂಪ್ ಬಂತು ಅಂದರೆ ಅದು ಪ್ರೆಷರ್ ಅಲ್ಲ, ವೈರ್ ಹೋಗಿದೆ. ಇದನ್ನು ಕೇಳಿದ ದಿನ ನನಗೆ ಡೇಟಾಬೇಸ್ ಕ್ಲಾಸಿನ ನಲ್ ನೆನಪಾಯಿತು. ಸೊನ್ನೆ ಅಂತ ಓದಿದ್ದು ಬೇರೆ, ಓದಲೇ ಆಗದಿದ್ದದ್ದು ಬೇರೆ. ಸಾಫ್ಟ್‌ವೇರಿನಲ್ಲಿ ಈ ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಡ್ಯಾಶ್‌ಬೋರ್ಡಿನಲ್ಲಿ 0 ಅಂತ ತೋರಿಸುವವರನ್ನು ಈಗ ಕೆಲಸದ ಜಾಗದಲ್ಲಿ ದಿನಾ ನೋಡುತ್ತೇನೆ. ಅಂಥ ಕೋಡ್ ನನ್ನ ರಿವ್ಯೂ ದಾಟಿ ಹೋಗಲು ಬಿಡುವುದಿಲ್ಲ.

ಇನ್ನೊಂದು, ಪಿಎಲ್‌ಸಿ ಓಡುವ ರೀತಿ. ಅದು ಇನ್‌ಪುಟ್‌ಗಳನ್ನೆಲ್ಲ ಒಂದು ಸಲ ಓದಿಕೊಳ್ಳುತ್ತೆ, ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓಡಿಸುತ್ತೆ, ಔಟ್‌ಪುಟ್ ಬರೆಯುತ್ತೆ, ಮತ್ತೆ ಮೊದಲಿಂದ. ಮಿಲಿಸೆಕೆಂಡುಗಳಲ್ಲಿ ಒಂದು ಸುತ್ತು. ಸಿಎಸ್‌ನವರು ಬಂದ ತಕ್ಷಣ ಬರೆಯುವುದು "ಸೆನ್ಸರ್ ಬರುವ ತನಕ ಕಾಯುತ್ತಿರು" ಅನ್ನುವ ವೈಲ್ ಲೂಪ್. ಸುತ್ತು ಮುಗಿಯುವುದೇ ಇಲ್ಲ, ಇನ್‌ಪುಟ್ ಮತ್ತೆ ಓದುವುದೇ ಇಲ್ಲ, ಸುತ್ತು ತಡವಾಯಿತಾ ಅಂತ ಕಾಯುವ ವಾಚ್‌ಡಾಗ್ ಟೈಮರ್ ಎಗರಿ ಪಿಎಲ್‌ಸಿ ಫಾಲ್ಟ್‌ಗೆ ಹೋಗುತ್ತೆ. ಇಲ್ಲಿ ಕಾಯುವುದು ಅನ್ನುವುದೇ ಇಲ್ಲ. ಈಗ ಯಾವ ಹಂತದಲ್ಲಿದ್ದೀನಿ ಅಂತ ನೆನಪಿಟ್ಟುಕೊಂಡು, ಪ್ರತಿ ಸುತ್ತಿನಲ್ಲೂ "ಮುಂದೆ ಹೋಗಬಹುದಾ?" ಅಂತ ಕೇಳಿಕೊಂಡು ಹೋಗುವುದು. ಸ್ಟೇಟ್ ಮಷೀನ್ ಅಂತ ನಾಲ್ಕನೇ ಸೆಮ್‌ನಲ್ಲಿ ಬಾಯಿಪಾಠ ಮಾಡಿದ್ದು ಯಾಕೆ ಬೇಕು ಅಂತ ಗೊತ್ತಾಗಿದ್ದು ಆಗಲೇ. ಏಣಿಯ ಆಕಾರದ ಚಿತ್ರವಾಗಿ ಪಿಎಲ್‌ಸಿ ಪ್ರೋಗ್ರಾಮ್ ಬರೆಯುವ ಲ್ಯಾಡರ್ ಲಾಜಿಕ್ ನೋಡಿ ನಗುವ ಸಿಎಸ್‌ನವರಿಗೆ ಒಂದು ಮಾತು: ಅದು ಹಾಗಿರುವುದು ಪ್ರೋಗ್ರಾಮರ್‌ಗಳಿಗೋಸ್ಕರ ಅಲ್ಲ. 1960ರ ದಶಕದ ಕೊನೆಗೆ ಅಮೆರಿಕದ ಕಾರು ಕಾರ್ಖಾನೆಗಳು ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಪ್ಯಾನೆಲ್‌ಗಳ ಕಾಟ ತಪ್ಪಿಸಿಕೊಳ್ಳಲು ಪಿಎಲ್‌ಸಿ ಕೇಳಿದಾಗ, ರಿಲೇ ಚಿತ್ರ ಓದಿ ಅಭ್ಯಾಸ ಇದ್ದ ಎಲೆಕ್ಟ್ರಿಷಿಯನ್‌ಗಳೇ ಅದನ್ನೂ ರಿಪೇರಿ ಮಾಡಬೇಕಿತ್ತು. ರಾತ್ರಿ ಪಾಳಿಯಲ್ಲಿ ಲೈನ್ ನಿಂತಾಗ ಕರೆಯುವುದು ಇವತ್ತಿಗೂ ಅವರನ್ನೇ.

ವರ್ಕ್‌ಶಾಪ್ ಪೇಪರಿನಲ್ಲಿ ಸಿಎನ್‌ಸಿ ಇತ್ತು. ಆ ಮಷೀನಿಗೆ ಆದೇಶ ಕೊಡುವ ಜಿ-ಕೋಡ್ ಕಲಿಯುವುದು ಸಿಎಸ್‌ನವರಿಗೆ ಒಂದು ಮಧ್ಯಾಹ್ನದ ಕೆಲಸ, ಅದರಲ್ಲಿ ಕಷ್ಟ ಏನೂ ಇಲ್ಲ. ಕಷ್ಟ ಇರುವುದು ಅಳತೆಯಲ್ಲಿ. ಇನ್‌ಸ್ಟ್ರಕ್ಟರ್ ಎಚ್‌ಎಂಟಿಯಿಂದ ನಿವೃತ್ತರಾಗಿ ಬಂದವರು, ಮಾತು ಕಮ್ಮಿ. ಲೇತ್‌ನಿಂದ ಈಗತಾನೇ ತೆಗೆದ ಸ್ಟೀಲ್ ಜಾಬನ್ನು (ಕೆತ್ತಿದ ತುಂಡನ್ನು) ಒಬ್ಬ ಹುಡುಗ ಮೈಕ್ರೋಮೀಟರ್‌ಗೆ ಹಿಡಿದು "ಸರ್, ಸೈಜ್ ಬಂತು" ಅಂದ. ಸರ್ ಏನೂ ಹೇಳದೆ ಅದನ್ನು ಅವನ ಅಂಗೈ ಮೇಲಿಟ್ಟರು. ಸುಡುತ್ತಿತ್ತು. "ಟೀ ಕುಡಿದು ಬಂದು ಮತ್ತೆ ನೋಡು." ಟೀ ಕುಡಿದು ಬಂದು ನೋಡಿದರೆ ಸೈಜ್ ಕಮ್ಮಿ. ಲೆಕ್ಕ ಸುಲಭ. ಸ್ಟೀಲ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತೆ. 50 ಮಿಲಿಮೀಟರ್ ವ್ಯಾಸದ ಜಾಬ್ 40 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 0.024 ಮಿಲಿಮೀಟರ್ ದಪ್ಪ ತೋರಿಸುತ್ತೆ. ಬೇರಿಂಗ್ ಕೂರುವ ಜಾಗದಲ್ಲಿ ಅಷ್ಟು ಸಾಕು ಜಾಬ್ ರಿಜೆಕ್ಟ್ ಆಗಲು. ಅದಕ್ಕೇ ಡ್ರಾಯಿಂಗಿನ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಪುಸ್ತಕದಲ್ಲಿ ಇದು ಒಂದು ಸಾಲು. ಅಂಗೈ ಸುಟ್ಟವನು ಮರೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೈನರ್ ಅನ್ನು ಮೇಜರ್ ಪಕ್ಕದಲ್ಲಿ ಸುಮ್ಮನೆ ಇಟ್ಟುಕೊಂಡರೆ ಅದಕ್ಕೆ ಕಾಸಿನ ಬೆಲೆ ಇಲ್ಲ. ಎರಡೂ ಒಂದಕ್ಕೊಂದು ತಾಗುವ ಕೆಲಸ ಒಂದಾದರೂ ಕೈಗೆ ಸಿಗಬೇಕು. ನನಗೆ ಅದು ಸಿಕ್ಕಿದ್ದು ಕಾಕಾನ ಫೌಂಡ್ರಿಯಲ್ಲೇ. ಕರೆಂಟಿನಲ್ಲೇ ಕಬ್ಬಿಣ ಕರಗಿಸುವ ಇಂಡಕ್ಷನ್ ಫರ್ನೇಸ್ ಇರುವ ಕಡೆ ಕರೆಂಟ್ ಬಿಲ್ಲು ಸಣ್ಣ ಮಾತಲ್ಲ. ಯೂನಿಟ್ಟಿನ ಲೆಕ್ಕ ಒಂದಾದರೆ, ಒಂದೇ ಹೊತ್ತಿಗೆ ಎಷ್ಟು ಲೋಡ್ ಎಳೆದಿರಿ ಅನ್ನುವ ಡಿಮ್ಯಾಂಡ್ ಚಾರ್ಜ್ ಇನ್ನೊಂದು, ಒಪ್ಪಂದದ ಮಿತಿ ದಾಟಿದರೆ ದಂಡ. ಯಾವ ಹೊತ್ತಿನಲ್ಲಿ ಮಿತಿ ದಾಟುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ತಿಂಗಳ ಕೊನೆಗೆ ಬಿಲ್ಲು ಬಂದಾಗಲೇ ಗೊತ್ತಾಗುತ್ತಿದ್ದದ್ದು. ಮೀಟರ್ ಮಾತ್ರ ಎಲ್ಲ ತಿಳಿದುಕೊಂಡು ಪ್ಯಾನೆಲ್ ಒಳಗೆ ಕೂತಿತ್ತು. ಅದರ ಹಿಂದೆ ಡೇಟಾ ಹೊರಗೆ ಕೊಡುವ ಆರ್‌ಎಸ್-485 ಪೋರ್ಟ್ ಇತ್ತು, ಅದು ಮಾತಾಡುವ ಭಾಷೆ ಮಾಡ್‌ಬಸ್. 1979ರಲ್ಲಿ ಬಂದ ಪ್ರೋಟೋಕಾಲ್, ನನಗಿಂತ ಎಷ್ಟೋ ಹಳೆಯದು, ಇವತ್ತಿಗೂ ಎಲ್ಲಾ ಕಡೆ ಇದೆ.

ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದು ಯುಎಸ್‌ಬಿ ಕನ್ವರ್ಟರ್ ತಂದು, ಹಳೇ ಲ್ಯಾಪ್‌ಟಾಪ್‌ಗೆ ಹಾಕಿ, ಪೈಥಾನಿನಲ್ಲಿ ನಾಲ್ಕು ಸಾಲು ಬರೆದರೆ ಮುಗೀತು ಅನ್ನುವ ಹಾಗಿತ್ತು. ಮೀಟರ್ ಉತ್ತರ ಕೊಟ್ಟಿತು. ವೋಲ್ಟೇಜ್ ಅಂತ ಬಂದಿದ್ದು ಇಪ್ಪತ್ತನಾಲ್ಕು ಅಂಕಿಗಳ ಒಂದು ಸಂಖ್ಯೆ. ಮೀಟರಿನ ಡಿಸ್‌ಪ್ಲೇ ಮೇಲೆ ಮಾತ್ರ ನೆಟ್ಟಗೆ 231.4 ಇದೆ. ಆಗಿದ್ದು ಇಷ್ಟೇ: ಮಾಡ್‌ಬಸ್‌ನ ಒಂದು ರಿಜಿಸ್ಟರ್‌ನಲ್ಲಿ (ಸಂಖ್ಯೆ ಇಡುವ ಡಬ್ಬಿ) ಹಿಡಿಸುವುದು 16 ಬಿಟ್, ದಶಮಾಂಶ ಸಂಖ್ಯೆಗೆ ಬೇಕಾಗುವುದು 32, ಹಾಗಾಗಿ ಎರಡು ರಿಜಿಸ್ಟರ್ ಸೇರಿಸಿ ಓದಬೇಕು. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಒಂದೊಂದು ಕಂಪನಿಯದು ಒಂದೊಂದು ಥರ. ಅದಲುಬದಲು ಮಾಡಿದ ಮೇಲೆ 231.4 ಬಂತು. ಪ್ಯಾನೆಲ್ ಬಾಗಿಲು ತೆಗೆಯಲು ಹೆದರುವ ಸಿಎಸ್‌ನವರಿಗೆ ಆ ಸಂಖ್ಯೆ ಸಿಗುವುದೇ ಇಲ್ಲ. ಪ್ಯಾನೆಲ್ ಮುಟ್ಟುವ ಎಲೆಕ್ಟ್ರಿಷಿಯನ್‌ಗೆ ಸಂಖ್ಯೆ ಸಿಕ್ಕರೂ ಅದು ಯಾಕೆ ಹಾಗಿದೆ ಅಂತ ಹೊಳೆಯುವುದು ಕಷ್ಟ. ಎರಡನ್ನೂ ಒಬ್ಬರೇ ಮಾಡಿದಾಗ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ. ಲಾಗ್ ನೋಡಿದರೆ, ಫರ್ನೇಸ್ ಪೂರ್ತಿ ಪವರ್‌ನಲ್ಲಿರುವ ಹೊತ್ತಿಗೇ ಕಂಪ್ರೆಸರ್ ಮತ್ತು ಮರಳಿನ ಮಿಕ್ಸರ್ ಎರಡೂ ಶುರುವಾಗುತ್ತಿದ್ದವು. ಕಾಕಾ ಮಿಕ್ಸರ್ ಹಚ್ಚುವ ಹೊತ್ತು ಬದಲಿಸಿದರು. "ಇಷ್ಟ ಏನು?" ಅಂದರು. ಇಷ್ಟೇ. ಅದನ್ನೇ ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿದೆ.

ಕೆಲಸ ಸಿಗುತ್ತಾ ಅಂತ ಕೇಳುತ್ತೀರಿ, ಗೊತ್ತು. ನೇರವಾಗಿ ಹೇಳುತ್ತೇನೆ. ಕ್ಯಾಂಪಸ್ಸಿಗೆ ಬರುವ ದೊಡ್ಡ ದೊಡ್ಡ ಸರ್ವಿಸ್ ಕಂಪನಿಗಳಿಗೆ ನಿಮ್ಮ ಮೈನರ್ ಯಾವುದು ಅಂತ ಕೇಳುವ ವ್ಯವಧಾನ ಇಲ್ಲ. ಅವರಿಗೆ ಸಿಜಿಪಿಎ, ಬ್ಯಾಕ್‌ಲಾಗ್, ಕೋಡಿಂಗ್ ಟೆಸ್ಟ್. ಸರ್ಕಾರಿ ಹುದ್ದೆಗೆ ಮೈನರ್ ನಂಬಿಕೊಂಡು ಅರ್ಜಿ ಹಾಕಬೇಡಿ, ಅವರು ಯಾವ ಬ್ರ್ಯಾಂಚಿನ ಡಿಗ್ರಿ ಕೇಳಿದ್ದಾರೋ ಅದೇ ಮೇಜರ್ ಇರಬೇಕು. ಆದರೆ ಬೆಂಗಳೂರಿನಲ್ಲಿ ಮಷೀನಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಗಳು ಬೇಕಾದಷ್ಟಿವೆ, ಪೀಣ್ಯ, ಬೊಮ್ಮಸಂದ್ರದ ಸಣ್ಣಪುಟ್ಟ ಆಟೋಮೇಷನ್ ಕಂಪನಿಗಳಿಂದ ಹಿಡಿದು ವಿದೇಶಿ ಕಂಪನಿಗಳ ಆರ್ ಅಂಡ್ ಡಿ ಆಫೀಸುಗಳ ತನಕ. ಅಂಥ ಕಡೆ ಮಾರ್ಕ್ಸ್‌ಕಾರ್ಡಿನ ಮೈನರ್ ನೋಡಿ ಕೆಲಸ ಕೊಡುತ್ತಾರೆ ಅಂತಲ್ಲ, ಇಂಟರ್‌ವ್ಯೂನಲ್ಲಿ ಮಾತು ಬೇರೆ ಕಡೆ ತಿರುಗುತ್ತೆ. ನನಗೆ ಅರ್ಧ ಇಂಟರ್‌ವ್ಯೂ ಆ ಇಪ್ಪತ್ತನಾಲ್ಕು ಅಂಕಿಯ ವೋಲ್ಟೇಜ್ ಮೇಲೇ ನಡೆಯಿತು.

ಮೆಕಾನಿಕಲ್, ಸಿವಿಲ್‌ನವರು ಎಐ ಮೈನರ್ ತಗೊಳ್ಳಬಹುದಾ ಅಂತ ಕೇಳುತ್ತಾರೆ. ಖಂಡಿತ ತಗೊಳ್ಳಿ, ನಿಮಗೆ ಅದು ಬೇರೆ ಊರೇ. ಸಿಎಸ್‌ನವರಿಗೆ ನಾನು ಬೇಡ ಅಂದಿದ್ದು ಮನೆಯೊಳಗೇ ಸುತ್ತಾಡಬೇಡಿ ಅಂತ. ಆದರೆ ನಿಮ್ಮ ಬ್ರ್ಯಾಂಚಿನ ಡೇಟಾ ಮೇಲೆ ಪ್ರಾಜೆಕ್ಟ್ ಮಾಡಿಸುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಮಣ್ಣಿನ ಟೆಸ್ಟ್ ರಿಪೋರ್ಟೋ, ಬೇರಿಂಗಿನ ವೈಬ್ರೇಷನ್ನೋ ಇರಲಿ. ಇಲ್ಲದಿದ್ದರೆ ನಿಮಗೂ ಅದೇ ಐರಿಸ್ ಹೂವು.

ಆನ್‌ಲೈನ್ ಮೈನರ್ ಬಗ್ಗೆ ಒಂದು ಮಾತು. ಎಷ್ಟೋ ಕಾಲೇಜುಗಳಲ್ಲಿ ಆ ಕ್ರೆಡಿಟ್‌ಗಳನ್ನು ಐಐಟಿಯವರ ಆನ್‌ಲೈನ್ ಕೋರ್ಸುಗಳ ಎನ್‌ಪಿಟಿಇಎಲ್‌ನಲ್ಲೇ ಮುಗಿಸಿಕೊಳ್ಳಿ ಅನ್ನುತ್ತಾರೆ. 12 ವಾರದ ಕೋರ್ಸಿಗೆ 3 ಕ್ರೆಡಿಟ್, 8 ವಾರದ್ದಕ್ಕೆ 2. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಅಸೈನ್‌ಮೆಂಟ್ ಉತ್ತರ ಟೆಲಿಗ್ರಾಮಿನಲ್ಲಿ ಸಿಗುತ್ತೆ ಅಂತ ಎಲ್ಲರಿಗೂ ಗೊತ್ತು, ಪರೀಕ್ಷಾ ಕೇಂದ್ರದಲ್ಲಿ ಅದು ಕೆಲಸಕ್ಕೆ ಬರಲ್ಲ ಅಂತ ಆಮೇಲೆ ಗೊತ್ತಾಗುತ್ತೆ. ನನಗೆ ಕಂಟ್ರೋಲ್ ಸಿಸ್ಟಮ್ಸ್ ಸರಿಯಾಗಿ ಅರ್ಥ ಆಗಿದ್ದೇ ಎನ್‌ಪಿಟಿಇಎಲ್ ವಿಡಿಯೋಗಳಿಂದ, ಥಿಯರಿಗೆ ಅದು ನಮ್ಮ ಎಷ್ಟೋ ಕ್ಲಾಸ್‌ರೂಮುಗಳಿಗಿಂತ ಮೇಲು. ಆದರೆ ವಿಡಿಯೋ ನೋಡಿ ಜಾಬಿನ ಬಿಸಿ ಗೊತ್ತಾಗಲ್ಲ. ಪೂರ್ತಿ ಆನ್‌ಲೈನ್ ಅಂದರೆ ಈ ಮೈನರ್ ಬೇಡ, ಮ್ಯಾನೇಜ್‌ಮೆಂಟೋ ಎಕನಾಮಿಕ್ಸೋ ತಗೊಳ್ಳಿ, ಅದು ಓದಿ ತಿಳಿಯುವಂಥದ್ದು.

ಬ್ಯಾಕ್‌ಲಾಗ್ ಇರುವವರು ಈ ಕಡೆ ತಲೆ ಹಾಕಬೇಡಿ. ಎಷ್ಟೋ ಕಡೆ ನಿಯಮವೇ ಬಿಡುವುದಿಲ್ಲ, ಬಿಟ್ಟರೂ ಬೇಡ. ದಿನಾ ಎರಡು ಬಸ್ ಬದಲಿಸಿ ಬರುವವರು ಟೈಮ್‌ಟೇಬಲ್ ನೋಡಿ ಯೋಚಿಸಿ, ಯಾಕೆಂದರೆ ಮೈನರ್ ಕ್ಲಾಸ್ ಇಡುವುದು ಸಂಜೆ ನಾಲ್ಕರ ಮೇಲೆ, ಇಲ್ಲವೇ ಶನಿವಾರ. ಏಳನೇ ಸೆಮ್‌ನಲ್ಲಿ ಪ್ಲೇಸ್‌ಮೆಂಟ್ ಗಲಾಟೆ ಇರುತ್ತೆ, ಆಗ ಲ್ಯಾಬ್ ಇರುವ ಸಬ್ಜೆಕ್ಟ್ ಇಟ್ಟುಕೊಳ್ಳಬೇಡಿ, ಭಾರದ್ದನ್ನೆಲ್ಲ ಐದು-ಆರರಲ್ಲೇ ಮುಗಿಸಿ. ಮಧ್ಯದಲ್ಲಿ ಬಿಟ್ಟರೆ ಓದಿದ ಸಬ್ಜೆಕ್ಟುಗಳು ಮಾರ್ಕ್ಸ್‌ಕಾರ್ಡಿನಲ್ಲಿ ಬರುತ್ತವಾ, ಸಿಜಿಪಿಎಗೆ ಸೇರುತ್ತವಾ ಅಂತ ಪರೀಕ್ಷಾ ವಿಭಾಗದಲ್ಲಿ ಬರೆಸಿಕೊಂಡೇ ಸೇರಿ. ಬಾಯಿಮಾತು ನಂಬಬೇಡಿ, ಆ ಕುರ್ಚಿಯಲ್ಲಿ ಕೂರುವವರು ವರ್ಷಕ್ಕೊಬ್ಬರು ಬದಲಾಗುತ್ತಾರೆ.

ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಧೂಳೇ ಇದ್ದರೆ? ಮೈನರ್ ಬಿಟ್ಟುಬಿಡಿ, ಕಲಿಯುವುದನ್ನು ಬಿಡಬೇಡಿ. ಸರ್ಕಾರಿ ಟೂಲ್ ರೂಮ್ ತರಬೇತಿ ಸಂಸ್ಥೆಯಾದ ಜಿಟಿಟಿಸಿಯ ಕೇಂದ್ರಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ ಅಂತ ರಾಜ್ಯದ ತುಂಬಾ ಇವೆ, ಅಲ್ಲಿ ಸಿಎನ್‌ಸಿಯ ಸಣ್ಣ ಅವಧಿಯ ಕೋರ್ಸುಗಳು ನಡೆಯುತ್ತವೆ, ಮಷೀನುಗಳ ಮೇಲೆ ಎಣ್ಣೆ ಇರುತ್ತೆ. ತುಮಕೂರು ರಸ್ತೆಯ ಸಿಎಂಟಿಐನಲ್ಲೂ (ಕೇಂದ್ರ ಸರ್ಕಾರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ತರಬೇತಿಗಳಿವೆ. ಜನವರಿಯಲ್ಲಿ ಅದೇ ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಅನ್ನುವ ಮಷೀನುಗಳ ಪ್ರದರ್ಶನ ಬಂದರೆ ತಪ್ಪಿಸಿಕೊಳ್ಳಬೇಡಿ, ಈಗ ಮಾದಾವರದ ತನಕ ಮೆಟ್ರೋನೇ ಹೋಗುತ್ತೆ. ಸ್ಟಾಲಿನಲ್ಲಿ ನಿಂತವರು ಬ್ರೋಷರ್ ಕೊಟ್ಟು ಸಾಗಹಾಕಲು ನೋಡುತ್ತಾರೆ. "ನಿಮ್ಮ ಮಷೀನಿನಿಂದ ಡೇಟಾ ಹೊರಗೆ ಹೇಗೆ ತೆಗೀತೀರಿ?" ಅಂತ ಕೇಳಿ. ಸೇಲ್ಸ್‌ನವರು ಹಿಂದಿರುವ ಎಂಜಿನಿಯರ್ ಒಬ್ಬರನ್ನು ಕರೆಯುತ್ತಾರೆ, ಅವರ ಜೊತೆ ಮಾತಾಡಿ. ಮತ್ತೆ, ಚಪ್ಪಲಿ ಬೇಡ, ಶೂ ಹಾಕಿಕೊಂಡು ಹೋಗಿ, ಒಂದೊಂದು ಹಾಲ್ ಮುಗಿಯುವ ಹೊತ್ತಿಗೆ ಕಾಲು ಬಿದ್ದುಹೋಗುತ್ತೆ.